ನೆಲ ಕಾಣದ ಕನ್ನಡಕ

"ಹದಿನೈದು ದಿನ! ಬರೀ ಹದಿನೈದು ದಿನ ಸಾಕು ಸೇವಂತಿ! ಅಷ್ಟರೊಳಗೆ ವಿಜ್ಜುವಿನ ತಲೆ ಎತ್ತಿಸದಿದ್ರೆ ಈ ಮೀಸೆ ಬೋಳಿಸ್ತೇನೆ!"

ಹೀಗೆ ಘರ್ಜಿಸಿದವನು ನಾನು. ಘರ್ಜಿಸಿದ ಸ್ಥಳ, ಮಲಾಡ್ ಪೂರ್ವದ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಅಡುಗೆಮನೆಯ ಬಾಗಿಲು. ನನ್ನ ಹೆಂಡತಿ ಸೇವಂತಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

"ಅದಕ್ಕೆ ಹದಿನೈದು ದಿನ ಕಾಯುದು ಯಾಕೆ? ಈಗಲೇ ಬೋಳಿಸಿ. ಸಾರಿನಲ್ಲಿ ಅದ್ದಿ ಅದ್ದಿ ಅದರ ಬಣ್ಣವೇ ಹೋಗಿದೆ."

ಮಹಾಪುರುಷರ ಪ್ರತಿಜ್ಞೆಗಳಿಗೆ ಮನೆಯೊಳಗೆ ಸಿಗುವ ಮರ್ಯಾದೆ ಇಷ್ಟೇ!

ಸಂಗತಿ ಏನೆಂದರೆ, ನಮ್ಮ ಒಬ್ಬಳೇ ಮಗಳು ವಿಜೇತಾ, ಅಂದರೆ ನಮ್ಮ ವಿಜ್ಜು, ಒಂಬತ್ತನೇ ಕ್ಲಾಸು. ಓದಿನಲ್ಲಿ ಅಷ್ಟಕ್ಕಷ್ಟೆ. ಆದರೆ ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರೆ ಊಟ ಬೇಡ, ನಿದ್ದೆ ಬೇಡ. ಕಾಂದಿವಲಿಯ ಒಂದು ಕ್ಲಬ್ಬಿನಲ್ಲಿ ಆಡುತ್ತಾಳೆ. ಆ ಭಾನುವಾರ ದಹಿಸರ್‌ನವರ ಜೊತೆ ಮ್ಯಾಚಿತ್ತು. ಗ್ಯಾಲರಿಯಲ್ಲಿ ನಾನೂ ಇದ್ದೆ. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡುವುದಕ್ಕೆ ಡ್ರಿಬಲ್ ಎನ್ನುತ್ತಾರಲ್ಲ, ಹಾಗೆ ಓಡುವಾಗ ನಮ್ಮ ಹುಡುಗಿ ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಿದ್ದಳು. ಎದುರಿನಿಂದ ಬಂದವಳು ಕಾಣಲೇ ಇಲ್ಲ. ಒಂದು ಸಲವಲ್ಲ, ಐದು ಸಲ ಚೆಂಡು ಕಿತ್ತುಕೊಂಡು ಹೋದರು!

ಮ್ಯಾಚ್ ಮುಗಿದ ಮೇಲೆ ಕೋಚ್ ರೋಶನ್ ಸರ್ ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮ ಮೂಲ್ಕಿ ಕಡೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಬಹಳ ಮೆದು.

"ಕಾಂತಪ್ಪಣ್ಣ, ವಿಜೇತಾ ಪ್ರ್ಯಾಕ್ಟೀಸಲ್ಲಿ ಭಾರೀ ಚಂದ ಆಡ್ತಾಳೆ. ಮ್ಯಾಚಿಗೆ ಬಂದ್ರೆ ಎಂತ ಆಗ್ತದೋ ಗೊತ್ತಿಲ್ಲ, ಬರೀ ಕೆಳಗೆ ನೋಡುದು. ಹದಿನೈದು ದಿನ ಬಿಟ್ಟು ಇನ್ನೊಂದು ಮ್ಯಾಚ್ ಉಂಟು. ಅದರಲ್ಲೂ ಹೀಗೇ ಆದ್ರೆ ಟೂರ್ನಮೆಂಟಿನ ಹನ್ನೆರಡು ಜನರ ಲಿಸ್ಟಲ್ಲಿ ಅವಳ ಹೆಸರು ಹಾಕ್ಲಿಕ್ಕೆ ನನಗೆ ಕಷ್ಟ."

ವಾಪಸು ಬರುವಾಗ ಲೋಕಲ್‌ನಲ್ಲಿ ವಿಜ್ಜು ಬ್ಯಾಗಿನ ಮೇಲೆ ಮುಖವಿಟ್ಟು ಅತ್ತಳು. ನಾನು ಕಡಲೆಕಾಯಿ ಕೊಡಿಸಿದೆ. ಅವಳು ಅಳುತ್ತಲೇ ಅದನ್ನು ತಿಂದಳು. ನಾನು ಅವತ್ತೇ ನಿರ್ಧರಿಸಿದೆ: ಇವಳ ತಲೆ ಎತ್ತಿಸುವ ಕೆಲಸ ಇನ್ನು ನನ್ನದು!

ಯಾಕಾಗಬಾರದು? ನಾನೇನು ಸಾಮಾನ್ಯನೇ? ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಕ್ಯಾಪ್ಟನ್ ಕಾಂತಪ್ಪ! ಹದಿನಾರನೇ ವಯಸ್ಸಿಗೆ ಟೇಬಲ್ ಒರೆಸುವ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಈಗ ಹದಿನಾಲ್ಕು ಸಪ್ಲೈಯರ್‌ಗಳ ಮೇಲೆ ಕ್ಯಾಪ್ಟನ್ ಆಗಿರುವವನು. ಒಂದೇ ಕೈಯಲ್ಲಿ ಆರು ಪ್ಲೇಟು ದೋಸೆ ಜೋಡಿಸಿಕೊಂಡು, ಆಫೀಸು ಬಿಟ್ಟ ಜನರ ನೂಕುನುಗ್ಗಲಿನ ನಡುವೆ, ನೆಲವನ್ನೇ ನೋಡದೆ ನಡೆದ ಕಾಲುಗಳು ಇವು. ನೆಲ ನೋಡದೆ ನಡೆಯುವ ವಿದ್ಯೆಯಲ್ಲಿ ನನಗಿಂತ ದೊಡ್ಡ ಕೋಚ್ ಈ ಬೊಂಬಾಯಿಯಲ್ಲಿ ಯಾರಿದ್ದಾರೆ?

ಮರುದಿನ ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಮೊಬೈಲ್ ತೆರೆದು ಹುಡುಕಿದೆ. ಅಬ್ಬಬ್ಬಾ! ಡ್ರಿಬಲ್ ಕಲಿಯಲು ಮೈಮೇಲೆ ಹಾಕಿಕೊಳ್ಳುವ ಎಷ್ಟು ಬಗೆಯ ಸಾಮಾನು! ಕಣ್ಣಿಗೊಂದು, ಕೈಗೊಂದು, ಸೊಂಟಕ್ಕೊಂದು. ಮದುಮಗಳ ಒಡವೆಯ ಪಟ್ಟಿಯೂ ಇಷ್ಟು ಉದ್ದ ಇರುವುದಿಲ್ಲ. ಮೂರನ್ನೂ ಆರ್ಡರ್ ಮಾಡಿಬಿಟ್ಟೆ.

ಬುಧವಾರ ಪಾರ್ಸೆಲ್ ಬಂತು. ಸೇವಂತಿ ಮೊದಲು ಕನ್ನಡಕ ಎತ್ತಿ ನೋಡಿದಳು. ಮೇಲಿನ ಅರ್ಧ ಖಾಲಿ, ಕೆಳಗಿನ ಅರ್ಧ ಕಪ್ಪು ಪ್ಲಾಸ್ಟಿಕ್. ಹಾಕಿಕೊಂಡರೆ ಮುಂದಿನದು ಕಾಣುತ್ತದೆ, ಮೂಗಿನ ಕೆಳಗಿನದೊಂದೂ ಕಾಣುವುದಿಲ್ಲ.

"ಇದೆಂತದು ಮಾರಾಯ್ರೆ? ಅರ್ಧ ಕನ್ನಡಕ ಮಾಡುವಾಗ ಕರೆಂಟ್ ಹೋಯ್ತಾ ಅವರಿಗೆ?"

"ನಿನಗೆ ಗೊತ್ತಾಗುದಿಲ್ಲ. ಇದು ಸೈನ್ಸ್! ಚೆಂಡು ಕಾಣದಿದ್ರೆ ಚೆಂಡು ನೋಡುವ ಚಟ ಬಿಟ್ಟು ಹೋಗ್ತದೆ."

"ಮತ್ತೆ ಈ ಕೈಚೀಲ?"

"ಕೈಚೀಲ ಅಲ್ಲ, ಗ್ಲೌಸು. ಒಳಗೆ ಭಾರ ತುಂಬಿಸಿದ್ದಾರೆ. ಇದು ಹಾಕಿ ಪ್ರ್ಯಾಕ್ಟೀಸ್ ಮಾಡಿ ಆಮೇಲೆ ತೆಗೆದ್ರೆ ಕೈ ಹತ್ತಿಯ ಹಾಗೆ ಹಗುರ ಆಗ್ತದೆ."

ಸೇವಂತಿ ಗ್ಲೌಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಲೆಯ ಮೇಲಿದ್ದ ಬಿಸಿ ಬಿಸಿ ಇಡ್ಲಿಪಾತ್ರೆಯನ್ನು ಅದರಿಂದಲೇ ಕೆಳಗಿಳಿಸಿದಳು. "ಪರವಾಗಿಲ್ಲ, ಇದೊಂದು ಉಪಯೋಗಕ್ಕೆ ಬಂತು" ಎಂದಳು. ಆ ಕ್ಷಣದಿಂದ ಗ್ಲೌಸು ಬಾಸ್ಕೆಟ್‌ಬಾಲ್ ಲೋಕಕ್ಕೆ ಶಾಶ್ವತವಾಗಿ ವಿದಾಯ ಹೇಳಿತು.

ಮೂರನೆಯದು ಸೊಂಟದ ಪಟ್ಟಿ. ಅದಕ್ಕೊಂದು ರಬ್ಬರ್ ಹಗ್ಗ, ಹಗ್ಗದ ತುದಿಗೆ ಚೆಂಡು. ಎಲ್ಲಿ ಬಡಿದರೂ ಚೆಂಡು ತಿರುಗಿ ನಮ್ಮ ಬಳಿಗೇ ಬರುತ್ತದಂತೆ. ಪ್ರಾತ್ಯಕ್ಷಿಕೆ ತೋರಿಸೋಣವೆಂದು ನಾನೇ ಕಟ್ಟಿಕೊಂಡೆ. ಮೊದಲ ಏಟಿಗೆ ಚೆಂಡು ನೆಲಕ್ಕೆ ಬಡಿಯಿತು. ಎರಡನೇ ಏಟಿಗೆ ಫ್ರಿಜ್ಜಿಗೆ ಬಡಿಯಿತು. ಮೂರನೇ ಏಟಿಗೆ ಕಂಪನಿಯವರು ಕೊಟ್ಟ ಮಾತಿನಂತೆ ತಿರುಗಿ ನನ್ನ ಬಳಿಗೇ ಬಂತು, ನೇರವಾಗಿ ಹೊಟ್ಟೆಗೆ! ನಾನು ಸೋಫಾದ ಮೇಲೆ ಬಿದ್ದೆ. ಚೆಂಡು ಬಿಡಬೇಕಲ್ಲ! ಹಗ್ಗ ಕಟ್ಟಿದೆಯಲ್ಲ! ಅಲ್ಲಿಗೂ ಬಂದು ಇನ್ನೆರಡು ಕೊಟ್ಟಿತು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಕೆಳಗಿನ ಮನೆಯ ಕಾಶವ್ವ. ವಿಜಾಪುರದ ಕಡೆಯವರು, ಅವರ ಗಂಡ ಪರಪ್ಪ ಕಟ್ಟಡ ಕೆಲಸದ ಮುಕಾದಮ, ಅಂದರೆ ಮೇಸ್ತ್ರಿ.

"ಏನ್ರೀ ಕಾಂತಪ್ಪಣ್ಣಾ, ಮ್ಯಾಲ ಖಾರ ಕುಟ್ಟಾಕತ್ತೀರೇನು? ನಮ್ಮ ಮನಿಯಾಗ ಫ್ಯಾನ್ ತೂಗಾಡಾಕತ್ತೈತಲ್ರಿ!"

"ಇಲ್ಲ ಕಾಶವ್ವ, ಮಗಳಿಗೆ ಟ್ರೇನಿಂಗ್ ಕೊಡ್ತಾ ಇದ್ದೇನೆ."

ಕಾಶವ್ವ ಸೋಫಾದಲ್ಲಿ ಬಿದ್ದಿದ್ದ ನನ್ನನ್ನು ನೋಡಿದರು, ಮೂಲೆಯಲ್ಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದ ವಿಜ್ಜುವನ್ನು ನೋಡಿದರು. "ಯಾರಿಗೆ ಯಾರು ಕೊಡಾಕತ್ತಾರೋ ತಿಳೀವಲ್ದು" ಎಂದು ಇಳಿದು ಹೋದರು.

ಸೊಂಟದ ಪಟ್ಟಿಯೂ ಹೋಯಿತು. ಉಳಿದದ್ದು ಕನ್ನಡಕ. ನನ್ನ ಆಸೆಯೆಲ್ಲ ಅದರ ಮೇಲೆಯೇ ನಿಂತಿತು. ವಿಜ್ಜು ಪಾಪ, ಎರಡು ಸಂಜೆ ಅದನ್ನು ಹಾಕಿಕೊಂಡು ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಚೆಂಡು ಬಡಿದಳು. ಮೂರನೇ ಸಂಜೆ ಮುಷ್ಕರ ಹೂಡಿದಳು.

"ಪಪ್ಪಾ, ಮೈ ನಹೀ ಪೆಹನೂಂಗಿ! ಬಿಲ್ಡಿಂಗಿನ ಎಲ್ಲ ಮಕ್ಕಳು ನನಗೆ ಘೋಡಾ ಘೋಡಾ, ಕಣ್ಣುಪಟ್ಟಿ ಕುದುರೆ ಅಂತಾರೆ. ಮತ್ತೆ ನನಗೆ ಬಾಲ್ ನೋಡದೆ ಆಡ್ಲಿಕ್ಕೆ ಆಲ್ರೆಡಿ ಬರ್ತದೆ. ಸಚ್ಚೀ!"

"ಬರುದಾದ್ರೆ ಮ್ಯಾಚಲ್ಲಿ ಯಾಕೆ ಕೆಳಗೆ ನೋಡಿದ್ದು?"

"ಪತಾ ನಹೀ ಪಪ್ಪಾ. ಹೋ ಜಾತಾ ಹೈ. ಮ್ಯಾಚಲ್ಲಿ ಒಳಗಿಂದ ಏನೋ ಡರ್ ಆಗ್ತದೆ."

"ಅದಕ್ಕೇ ಈ ಕನ್ನಡಕ!"

"ಹಾಗಾದ್ರೆ ನೀವೇ ಹಾಕಿ ನೋಡಿ. ಒಂದೇ ದಿನ. ಎಷ್ಟು ಕಷ್ಟ ಅಂತ ಗೊತ್ತಾಗ್ತದೆ!"

ನನ್ನ ರಕ್ತ ಕುದಿಯಿತು. ಕ್ಯಾಪ್ಟನ್ ಕಾಂತಪ್ಪನಿಗೆ ಸವಾಲು! ಭಾನುವಾರ ನಮ್ಮ ಮನೆಯ ಸತ್ಯನಾರಾಯಣ ಪೂಜೆ ಇತ್ತು. ಬಿಲ್ಡಿಂಗಿನ ಟೆರೇಸಿನ ಮೇಲೆ ಚಪ್ಪರ ಹಾಕಿಸಿ, ಐವತ್ತು ಜನರಿಗೆ ಬಾಳೆಲೆಯ ಊಟ. ನಾನು ಬಫೆಯ ಕಡುವೈರಿ. ಪಂಕ್ತಿ ಹಾಕಿ, ಕೂರಿಸಿ, ಒತ್ತಾಯ ಮಾಡಿ ಬಡಿಸದಿದ್ದರೆ ಅದು ಊಟವೇ ಅಲ್ಲ.

"ಸರಿ ಮಗಾ! ಭಾನುವಾರದ ಪಂಕ್ತಿಯಲ್ಲಿ ಈ ಕನ್ನಡಕ ಹಾಕಿಕೊಂಡು ಸಾರು ಬಡಿಸ್ತೇನೆ. ಕತ್ತು ಒಂದು ಇಂಚು ಬಗ್ಗಿಸುದಿಲ್ಲ. ಒಂದು ತೊಟ್ಟು ಎಲೆಯ ಹೊರಗೆ ಬೀಳುದಿಲ್ಲ. ನಾನು ಗೆದ್ರೆ ಮ್ಯಾಚಿನವರೆಗೆ ಇಡೀ ವಾರ ನೀನು ಪಿಟ್ಟೆನ್ನದೆ ಇದನ್ನು ಹಾಕ್ಬೇಕು!"

"ಡನ್!"

"ನನ್ನ ಪೂಜೆ!" ಎಂದು ಒಳಗಿನಿಂದ ಸೇವಂತಿಯ ಆರ್ತನಾದ ಕೇಳಿಸಿತು. ನಾವಿಬ್ಬರೂ ಕೈ ಕುಲುಕಿ ಆಗಿತ್ತು.

ಇಷ್ಟಕ್ಕೆ ಸುಮ್ಮನಿದ್ದರೆ ನಾನು ನಾನೇ ಅಲ್ಲ. ರೋಶನ್ ಸರ್‌ಗೆ ಫೋನು ಮಾಡಿ ಊಟಕ್ಕೆ ಕರೆದೆ. ಶಿಫಾರಸಿಗಲ್ಲ, ದೇವರಾಣೆ! ಮಗಳಿಗಾಗಿ ಅಪ್ಪ ಎಷ್ಟು ಶ್ರಮ ಪಡುತ್ತಿದ್ದಾನೆ ಎಂದು ಅವರೂ ಸ್ವಲ್ಪ ನೋಡಲಿ ಎಂದು, ಅಷ್ಟೆ.

ಭಾನುವಾರ ಪೂಜೆ ಸಾಂಗವಾಗಿ ಮುಗಿಯಿತು. ಎಲೆಗಳನ್ನು ನಾನೇ ಸ್ವತಃ ಹಾಸಿದೆ. ಅದರಲ್ಲೇ ಇದ್ದದ್ದು ನನ್ನ ಗುಟ್ಟು! ಎಲೆಯಿಂದ ಎಲೆಗೆ ಸರಿಯಾಗಿ ಎರಡು ಹೆಜ್ಜೆ. ಎರಡು ಹೆಜ್ಜೆ ಇಡು, ಮಂಡಿ ಬಗ್ಗಿಸು, ಒಂದು ಸೌಟು ಸುರಿ, ಏಳು. ಎರಡು ಹೆಜ್ಜೆ, ಮಂಡಿ, ಸೌಟು, ಏಳು. ಕಣ್ಣು ಬೇಕೇ ಇದಕ್ಕೆ? ಎಷ್ಟೋ ಮದುವೆಗಳಲ್ಲಿ ಪಕ್ಕದವನ ಜೊತೆ ಹರಟೆ ಹೊಡೆಯುತ್ತ ನೂರಾರು ಎಲೆಗೆ ಹೀಗೇ ಬಡಿಸಿದ್ದೇನೆ.

ಅನ್ನ ಬಡಿಸಿ ಆಯಿತು. ನಾನು ಕನ್ನಡಕ ಏರಿಸಿ, ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯ ತಲೆಯಲ್ಲಿ ನಿಂತೆ. ಚಪ್ಪರದಲ್ಲಿ ಗುಸುಗುಸು ಎದ್ದಿತು. ಯಾರೋ "ಆಪರೇಷನ್ ಆಯ್ತಾ ಕಣ್ಣಿಗೆ?" ಎಂದು ಕೇಳಿದರು. ನಾನು ಕತ್ತು ನೆಟ್ಟಗಿಟ್ಟು ಮುಗುಳ್ನಕ್ಕೆ.

ಮೊದಲ ಎಲೆ. ಅನ್ನದ ಗುಳಿಯೊಳಗೇ ಸಾರು! ಎರಡನೆಯದು, ಮೂರನೆಯದು, ಐದನೆಯದು. ಒಂದು ತೊಟ್ಟೂ ಹೊರಗಿಲ್ಲ! ಎದುರಿನ ಸಾಲಿನ ಕೊನೆಯಲ್ಲಿ ಕುಳಿತಿದ್ದ ರೋಶನ್ ಸರ್ ಚಪ್ಪಾಳೆ ತಟ್ಟಿದ್ದು ಕಾಣಿಸಿತು. ವಿಜ್ಜುವಿನ ಮುಖ ಸಣ್ಣಗಾದದ್ದೂ ಕಾಣಿಸಿತು. ಒಲಿಂಪಿಕ್ಸಿನಲ್ಲಿ ಪಂಕ್ತಿ ಬಡಿಸುವ ಸ್ಪರ್ಧೆ ಯಾಕಿಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಯಿತು.

ಆರನೇ ಎಲೆಯ ಮುಂದೆ ಕುಳಿತವರು ಪರಪ್ಪ. ಪರಪ್ಪ ಧಾರಾಳ ಮನುಷ್ಯ, ಮನಸ್ಸಿನಲ್ಲೂ ಮೈಯಲ್ಲೂ. ಒಬ್ಬರ ಜಾಗ ಅವರಿಗೆ ಸಾಲುವುದಿಲ್ಲ. ಕೂರುವಾಗ ತಮ್ಮ ಎಲೆಯನ್ನು ಅರ್ಧ ಹೆಜ್ಜೆ ಆಚೆ ಸರಿಸಿದ್ದರು. ಅವರ ಪಕ್ಕದ ಕಾಶವ್ವ ತಮ್ಮದನ್ನು ಅರ್ಧ ಹೆಜ್ಜೆ ಸರಿಸಿದ್ದರು. ಅವರಾಚೆಯವರು, ಅವರಾಚೆಯವರು, ಹೀಗೆ ಇಡೀ ಸಾಲೇ ಅರ್ಧ ಹೆಜ್ಜೆ ಸರಿದಿತ್ತು. ಇದು ನೆಲ ನೋಡುವವರಿಗೆಲ್ಲ ಗೊತ್ತಿತ್ತು!

ಎರಡು ಹೆಜ್ಜೆ, ಮಂಡಿ, ಸೌಟು.

"ಅಯ್ಯಯ್ಯಪ್ಪಾ! ಬ್ಯಾಡ್ರೀ!" ಎಂದರು ಪರಪ್ಪ.

ಇಲ್ಲೇ ನೋಡಿ ನಾನು ಕೆಟ್ಟದ್ದು. ಪಂಕ್ತಿಯಲ್ಲಿ ಬೇಡ ಎನ್ನದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಊಟಕ್ಕೆ ಕೂತವರು ಬೇಡ ಎನ್ನಬೇಕು, ಬಡಿಸುವವರು ಕಿವಿಗೆ ಹಾಕಿಕೊಳ್ಳದೆ ಇನ್ನೊಂದು ಸೌಟು ಹಾಕಬೇಕು. ಅದು ಉಪಚಾರ! ಬೇಡ ಎಂದದ್ದಕ್ಕೆ ನಿಜವಾಗಿಯೂ ಬಡಿಸದೆ ಹೋದರೆ ಜನ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

"ಸಂಕೋಚ ಮಾಡ್ಬೇಡಿ ಪರಪ್ಪನವರೇ!" ಎಂದು ಇನ್ನೊಂದು ಸೌಟು ಸುರಿದೆ. ಎರಡೂ ಅವರ ತೊಡೆಯ ಮೇಲೆ ಬಿದ್ದಿದ್ದವು. ಪುಣ್ಯಕ್ಕೆ ಪೂಜೆ ತಡವಾಗಿ ಸಾರು ಆರಿತ್ತು.

ಎರಡು ಹೆಜ್ಜೆ, ಮಂಡಿ, ಸೌಟು.

"ಯಣ್ಣಾ, ನನ್ನ ಪರ್ಸು! ಸಾಕ್ರೀ, ಸಾಕ್ರೀ!" ಎಂದು ಕಾಶವ್ವ ಕೂಗಿದರು.

"ಸಾಕು ಅಂದ್ರೆ ಹೇಗೆ ಕಾಶವ್ವ? ದೇವರ ಪ್ರಸಾದ! ಇನ್ನು ಸ್ವಲ್ಪ!" ಪರ್ಸಿನ ಬಾಯಿ ತೆರೆದಿತ್ತಂತೆ. ಎರಡನೇ ಸೌಟಿಗೆ ಅದು ಭರ್ತಿಯಾಯಿತು.

ನನಗೆ ಒಳಗೊಳಗೇ ಹೆಮ್ಮೆ. ಇವತ್ತಿನ ಸಾರಿಗೆ ಏನು ಬೇಡಿಕೆ, ಏನು ಉಪಚಾರ! ಎಂಟನೆಯವರು "ಮೊಬೈಲ್! ಮೊಬೈಲ್!" ಎಂದರು. ಊಟದ ಹೊತ್ತಿಗೂ ಜನ ಮೊಬೈಲ್ ಜಪಿಸುತ್ತಾರಲ್ಲ ಎಂದು ಬೇಸರಪಟ್ಟು ಎರಡು ಸೌಟು ಹಾಕಿದೆ. ಒಂಬತ್ತನೆಯವರು ಎದ್ದು ಓಡಿದರು. ಅವರ ಜಾಗಕ್ಕೂ ಎರಡು ಸೌಟು ಹಾಕಿದೆ. ಇಡೀ ಸಾಲು ಎದ್ದು ನಿಂತು ಕೂಗಿತು: "ನಿಲ್ಸಿ! ಬೇಡ! ಬಸ್ ಕರೋ!"

"ಇಲ್ಲ ಇಲ್ಲ, ಯಾರೂ ಏಳಬಾರ್ದು! ಎಲ್ಲರಿಗೂ ಉಂಟು!" ಎಂದು ನಾನು ಕತ್ತು ಬಗ್ಗಿಸದೆ ಅಭಯ ನೀಡಿದೆ.

ಅಷ್ಟರಲ್ಲಿ ನೆಲದಲ್ಲಿ ಹರಿದಿದ್ದ ನನ್ನದೇ ಸಾರಿನ ಮೇಲೆ ನನ್ನದೇ ಪಾದ ಬಿತ್ತು. ಸರ್ರನೆ ಜಾರಿ, ಖಾಲಿಯಾಗಿದ್ದ ಎಲೆಯೊಂದರ ಮೇಲೆ ಪದ್ಮಾಸನ ಹಾಕಿದಂತೆ ಕುಳಿತೆ. ಬಕೆಟ್ ಮಡಿಲಲ್ಲಿ. ಕುಳಿತ ಮೇಲೆಯೇ ಆ ಕನ್ನಡಕದಲ್ಲಿ ನನಗೆ ಜನರ ಮುಖಗಳು ಸರಿಯಾಗಿ ಕಂಡದ್ದು. ಒಂದೂ ಪ್ರಸನ್ನವಾಗಿರಲಿಲ್ಲ.

ಸೇವಂತಿ ಇಂಥ ಹೊತ್ತಿನಲ್ಲಿ ಬಹಳ ಚುರುಕು. ಜನರ ಸಿಟ್ಟು ಇಳಿಸಲು ಅವಳಿಗೆ ಒಂದೇ ದಾರಿ ಕಂಡಿತು. "ವಿಜ್ಜೂ, ಪಾಯಸ ತಾ! ಬೇಗ!"

ವಿಜ್ಜು ಪಾಯಸದ ಬಕೆಟ್ ಹಿಡಿದು ಬಂದಳು. ನಾನು ನೆಲದಿಂದಲೇ ನೋಡುತ್ತಿದ್ದೆ. ಏನು ಬಂದಳು ಅಂತೀರಿ! ಎಡದಿಂದ ಒಂದು ಮಗು ಅಡ್ಡ ಓಡಿತು, ಬಕೆಟ್ ಬಲಗೈಗೆ ಹೋಯಿತು. ಬಲದಿಂದ ಸೀರೆ ಹಿಂಡಿಕೊಳ್ಳುತ್ತ ಕಾಶವ್ವ ಬಂದರು, ಬಕೆಟ್ ಎಡಗೈಗೆ ಬಂತು. ಒಂದು ಸುತ್ತು ತಿರುಗಿ ಪರಪ್ಪನವರನ್ನೂ ದಾಟಿದಳು, ಅದು ಸಣ್ಣ ಪ್ರದಕ್ಷಿಣೆಯಲ್ಲ! ಸಾರಿನ ಹೊಳೆಯನ್ನು ಹಾರಿದಳು. ತಲೆ ನೆಟ್ಟಗಿತ್ತು, ಕಣ್ಣು ಮುಂದಿತ್ತು, ಒಂದು ತೊಟ್ಟು ಪಾಯಸ ಚೆಲ್ಲಲಿಲ್ಲ. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಜೀವ ಹಾರಿಹೋಗುವಷ್ಟು ಹೆದರಿಕೆ. ಬಿದ್ದರೆ? ಚೆಲ್ಲಿದರೆ? ಹೋಟೆಲಿನ ಅಡುಗೆಮನೆಯಿಂದ ಬೀದಿಯವರೆಗೆ ಕೇಳಿಸುವ ನನ್ನ ಗಂಟಲು ತಾನಾಗಿ ತೆರೆಯಿತು:

"ವಿಜ್ಜೂ! ಕೆಳಗೆ ನೋಡು! ಕೆಳಗೆ! ಬಕೆಟ್ ನೋಡು!"

ಹುಡುಗಿಯ ತಲೆ ಟಕ್ಕನೆ ಕೆಳಗೆ ಬಿತ್ತು. ಕಣ್ಣು ಬಕೆಟ್ಟಿಗೆ ಅಂಟಿತು. ಮರುಕ್ಷಣ, ನನ್ನನ್ನು ಎಬ್ಬಿಸಲೆಂದು ಎದುರಿನಿಂದ ಬರುತ್ತಿದ್ದ ರೋಶನ್ ಸರ್‌ಗೆ ನೇರವಾಗಿ ಢಿಕ್ಕಿ ಹೊಡೆದಳು. ಅರ್ಧ ಬಕೆಟ್ ಶ್ಯಾವಿಗೆ ಪಾಯಸ ಅವರ ಬಿಳಿ ಟೀಶರ್ಟಿನ ಮೇಲೆ ನಿಧಾನವಾಗಿ ಇಳಿಯಿತು. ದ್ರಾಕ್ಷಿ ಒಂದು ಕಡೆ, ಗೋಡಂಬಿ ಒಂದು ಕಡೆ.

ವಿಜ್ಜು ಬಿಳಿಚಿಕೊಂಡಳು. ಹನ್ನೆರಡು ಜನರ ಪಟ್ಟಿಯಿಂದ ಅವಳ ಹೆಸರು ಪಾಯಸದಲ್ಲಿ ಕರಗಿ ಹೋಗುವುದು ನನಗೆ ಕಣ್ಣಾರೆ ಕಂಡಿತು.

ಆದರೆ ರೋಶನ್ ಸರ್ ಟೀಶರ್ಟ್ ನೋಡಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದರು, ಕಳೆದುಹೋದ ಸಾಮಾನು ಸಿಕ್ಕಿದವರ ಹಾಗೆ.

"ಕಾಂತಪ್ಪಣ್ಣ, ಈಗ ಹೇಳಿದ್ರಲ್ಲ, ಅದನ್ನು ಇನ್ನೊಮ್ಮೆ ಹೇಳಿ."

"ತಪ್ಪಾಯ್ತು ಸರ್. ಬಕೆಟ್ ನೋಡು ಅಂದೆ."

"ಅದಲ್ಲ. ಈ ಸ್ವರ! ದಹಿಸರ್ ಮ್ಯಾಚಲ್ಲಿ ಗ್ಯಾಲರಿಯಿಂದ ಯಾರೋ ಒಬ್ಬರು ಮೊದಲಿಂದ ಕೊನೆಯವರೆಗೆ ಬೊಬ್ಬೆ ಹಾಕ್ತಾ ಇದ್ರು. 'ಬಾಲ್ ನೋಡು! ಕೆಳಗೆ ನೋಡು!' ಅಂತ. ಯಾರು ಅಂತ ಆ ಗಲಾಟೆಯಲ್ಲಿ ನನಗೆ ಗೊತ್ತೇ ಆಗ್ಲಿಲ್ಲ. ಅದು ನೀವಾ?"

ಹೌದು, ನಾನೇ. ಇಡೀ ಮ್ಯಾಚು ಕೂಗಿದ್ದೆ. ಮಗಳ ಕೈಯಿಂದ ಚೆಂಡು ಜಾರಬಾರದಲ್ಲ! ದಿನಕ್ಕೆ ಹನ್ನೆರಡು ಗಂಟೆ ಹೊಸ ಸಪ್ಲೈಯರ್‌ಗಳಿಗೆ ಪ್ಲೇಟು ನೋಡು, ನೆಲ ನೋಡು ಎಂದು ಕೂಗುವ ಗಂಟಲು. ಭಾನುವಾರ ರಜೆ ಇದ್ದದ್ದು ನನಗೆ, ಗಂಟಲಿಗಲ್ಲ.

"ಪ್ರ್ಯಾಕ್ಟೀಸಲ್ಲಿ ಇವಳು ಒಂದು ಸಲವೂ ಕೆಳಗೆ ನೋಡುದಿಲ್ಲ" ಎಂದರು ರೋಶನ್ ಸರ್. "ಈಗ ನಾವು ಎಲ್ಲರೂ ಕಂಡೆವಲ್ಲ, ಆ ಬಕೆಟ್ ಹಿಡಿದು ಹೇಗೆ ಬಂದ್ಲು ಅಂತ. ನೀವು ಕೂಗುವವರೆಗೆ ಅವಳಿಗೆ ಎಂತ ತೊಂದರೆಯೂ ಇರ್ಲಿಲ್ಲ."

ವಿಜ್ಜು ಮೆಲ್ಲನೆ ಹೇಳಿದಳು, "ಪಪ್ಪ ಹೇಳಿದ್ರೆ ತಲೆ ತನ್ನಿಂದ ತಾನೇ ಹೋಗ್ತದೆ ಸರ್. ಚಿಕ್ಕಂದಿನಿಂದ ಆದತ್ ಆಗಿದೆ."

ಲೋಕಲ್‌ನಲ್ಲಿ ಬ್ಯಾಗಿನ ಮೇಲೆ ಮುಖವಿಟ್ಟು ಅತ್ತಿದ್ದ ಹುಡುಗಿ! ಆ ಅಳುವಿಗೆ ಕಾರಣನಾದವನೇ ಪಕ್ಕದಲ್ಲಿ ಕೂತು ಕಡಲೆಕಾಯಿ ಕೊಡಿಸಿದ್ದ. ಆಮೇಲೆ ತಪ್ಪನ್ನು ಅವಳ ಕಣ್ಣಿನ ಮೇಲೆ ಹಾಕಿ ಅರ್ಧ ಕನ್ನಡಕವನ್ನೂ ತಂದಿದ್ದ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕನ್ನಡಕ ತೆಗೆದೆ. ಮೊದಲು ಕಂಡದ್ದು ನೆಲ, ನೆಲದ ತುಂಬ ನಾನು ಬಡಿಸಿದ ಸಾರು.

ರೋಶನ್ ಸರ್ ಭುಜದ ಮೇಲಿನ ಗೋಡಂಬಿಯನ್ನು ತೆಗೆದು ಬಾಯಿಗೆ ಹಾಕಿಕೊಂಡರು. "ಪಾಯಸ ಒಳ್ಳೆಯದಾಗಿದೆ ಅಕ್ಕ" ಎಂದು ಸೇವಂತಿಗೆ ಹೇಳಿ, ನನ್ನ ಕಡೆ ತಿರುಗಿದರು. "ಕಾಂತಪ್ಪಣ್ಣ, ಈ ಕಣ್ಣಿಗೆ ಹಾಕುದು ಅವಳಿಗೆ ಬೇಡ. ಅದೇ ಕಂಪನಿಯಲ್ಲಿ ಬಾಯಿಗೆ ಹಾಕುವಂಥದ್ದು ಉಂಟಾ ಕೇಳಿ. ನಿಮಗೆ!"

ಪರಪ್ಪ ಒದ್ದೆ ಪಂಚೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಶವ್ವ ಪರ್ಸನ್ನು ತಲೆಕೆಳಗೆ ಮಾಡಿ ಸಾರು ಬಸಿಯುತ್ತ, "ಬಾಯಿಗಿ ಕೀಲಿ ನಾ ಕೊಡ್ತೀನಿ ತೊಗೊಳ್ರಿ" ಎಂದರು.

"ನೀವ್ಯಾರೂ ಚಿಂತೆ ಮಾಡ್ಬೇಡಿ" ಎಂದಳು ಸೇವಂತಿ. "ಅದನ್ನು ನಾನು ನೋಡಿಕೊಳ್ತೇನೆ."

ನೋಡಿಕೊಂಡಳು! ಮುಂದಿನ ಭಾನುವಾರ, ಬೆಳಿಗ್ಗೆಯೇ ಟೀಮಿನ ಜೊತೆ ಹೋಗಿದ್ದ ವಿಜ್ಜುವಿಗೆ ಹೇಳದೆ, ಕಾಂದಿವಲಿಯ ಕ್ಲಬ್ಬಿನ ಗೇಟಿನ ಹೊರಗೆ ನನ್ನನ್ನು ನಿಲ್ಲಿಸಿ, ಪರ್ಸಿನಿಂದ ಒಂದು ಪೊಟ್ಟಣ ತೆಗೆದಳು. ನಾಲ್ಕು ವೀಳ್ಯದೆಲೆ, ಅದಕ್ಕೆ ತಕ್ಕ ಅಡಿಕೆ, ಸುಣ್ಣ, ಎಲ್ಲ ಸೇರಿಸಿ ನಿಂಬೆಹಣ್ಣಿನಷ್ಟು ದೊಡ್ಡ ಕವಳ.

"ಬಾಯಿ ತೆರೀರಿ."

"ಇಷ್ಟು ದೊಡ್ಡದಾ?"

"ನಿಮ್ಮ ಬಾಯಿಗೆ ಇದು ಸಣ್ಣದು. ಒಳಗೆ ಉಗುಳ್ಲಿಕ್ಕೆ ಇಲ್ಲ, ಬೋರ್ಡು ಹಾಕಿದ್ದಾರೆ. ಮ್ಯಾಚ್ ಮುಗಿಯುವವರೆಗೆ ಬಾಯಿ ಬಿಟ್ರೆ ಶರ್ಟು ನಿಮ್ಮದೇ. ನಾನು ಒಗೆಯುದಿಲ್ಲ."

ಇಂಥ ತರಬೇತಿಯ ಉಪಕರಣ ಯಾವ ಕಂಪನಿಯ ಬಳಿಯೂ ಇಲ್ಲ! ಗ್ಯಾಲರಿಯ ಮೇಲಿನ ಮೂಲೆಯಲ್ಲಿ, ಗಲ್ಲ ಉಬ್ಬಿಸಿಕೊಂಡು, ಗದ್ದ ಮೇಲೆತ್ತಿ ಕುಳಿತೆ. ವಿಜ್ಜು ಚೆಂಡು ಹಿಡಿದಾಗಲೆಲ್ಲ ನನ್ನ ಗಂಟಲಿನಲ್ಲಿ 'ಕೆಳಗೆ ನೋಡು' ಎದ್ದು ಬರುತ್ತಿತ್ತು, ಕವಳಕ್ಕೆ ಬಡಿದು ವಾಪಸು ಹೋಗುತ್ತಿತ್ತು. "ಉಂ! ಉಂ!" ಎಂದು ಎದ್ದರೆ ಸೇವಂತಿ ಶರ್ಟಿನ ಚುಂಗು ಹಿಡಿದು ಎಳೆದು ಕೂರಿಸುತ್ತಿದ್ದಳು. ಮುಂದಿನ ಸಾಲಿನ ಗುಜರಾತಿ ಗೃಹಸ್ಥರು ತಿರುಗಿ ನೋಡಿ, "ಭಾಯ್‌ಸಾಬ್ ಕೋ ದಾಂತ್ ಮೇ ದರ್ದ್ ಹೈ ಕ್ಯಾ?" ಎಂದು ನನ್ನ ಹಲ್ಲುನೋವಿಗೆ ಮರುಕಪಟ್ಟರು.

ಕೊನೆಯ ಎರಡು ನಿಮಿಷ. ಸ್ಕೋರು ಸಮ. ಚೆಂಡು ವಿಜ್ಜುವಿನ ಕೈಗೆ ಬಂತು. ಇಬ್ಬರು ಹುಡುಗಿಯರು ಅವಳ ಮೇಲೆ ಬಿದ್ದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವಳ ಚೆಂಡು ನೆಲಕ್ಕೆ ಬಡಿಯುತ್ತಿತ್ತು, ತಲೆ ನೆಟ್ಟಗಿತ್ತು. ಒಬ್ಬಳನ್ನು ಎಡಕ್ಕೆ ಬಿಟ್ಟಳು, ಇನ್ನೊಬ್ಬಳನ್ನು ಬಲಕ್ಕೆ ಬಿಟ್ಟಳು, ದೂರದಲ್ಲಿ ಒಂಟಿಯಾಗಿ ನಿಂತಿದ್ದ ಗೆಳತಿ ಅವಳಿಗೆ ಕಂಡಳು. ಪಾಸು! ಬುಟ್ಟಿಗೆ! ನನ್ನ ಕಣ್ಣು ತುಂಬಿ ಬಂತು. ಬಾಯಿ ಮೊದಲೇ ತುಂಬಿತ್ತು.

ಮ್ಯಾಚ್ ಮುಗಿದದ್ದೇ ತಡ, ಗೇಟಿನ ಹೊರಗಿನ ಚರಂಡಿಗೆ ಓಡಿದೆ. ಬಾಯಿ ಮುಕ್ಕಳಿಸಿ ವಾಪಸು ಬರುವಷ್ಟರಲ್ಲಿ ರೋಶನ್ ಸರ್ ಹನ್ನೆರಡು ಹೆಸರು ಓದಿ ಆಗಿತ್ತು. ಐದನೆಯದು ನಮ್ಮ ವಿಜೇತಾ! ಮಗಳು ಸೇವಂತಿಯ ಕೊರಳಿಗೆ ಜೋತುಬಿದ್ದು ಕುಣಿಯುತ್ತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು. ನಾನು ಕೈ ಚಾಚಿಕೊಂಡು ಹತ್ತಿರ ಹೋದೆ.

"ಅ‌ಮ್ಮಾ, ನಾನು ಇಷ್ಟು ಚಂದ ಯಾವತ್ತೂ ಆಡಿರ್ಲಿಲ್ಲ! ಇವತ್ತು ಪಪ್ಪ ಬರ್ಲಿಲ್ಲ ಅಲ್ವಾ? ಥ್ಯಾಂಕ್ ಗಾಡ್! ಟೂರ್ನಮೆಂಟಿಗೂ ಹೀಗೇ ಬರೋದು ಬೇಡ ಅಂತ ಹೇಳು, ಪ್ಲೀಸ್!"

ಸೇವಂತಿ ಮಗಳ ಭುಜದ ಮೇಲಿನಿಂದ ನನ್ನನ್ನು ನೋಡಿದಳು.

"ಬಂದಿದ್ದಾರೆ ಮಗಾ, ನಿನ್ನ ಹಿಂದೆಯೇ ನಿಂತಿದ್ದಾರೆ. ಬಾಯಿಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬಂದದ್ದು!"